ಕೌದಿಗೆ ಯಾವ ಹೆಸರು? ಅಂತರಜಾಲದ ಅಂಗಡಿಯಲ್ಲಿ ಪದಗಳ ಆಯ್ಕೆ

ಶಬ್ದಕ್ಕೂ ಅರ್ಥಕ್ಕೂ ಇರುವ ಸಂಬಂಧವನ್ನು ಕುರಿತು ನಮ್ಮ ದೇಶದ ವೈಯಾಕರಣರೂ ಮೀಮಾಂಸಕರೂ ನೈಯಾಯಿಕರೂ ಶತಮಾನಗಳ ಕಾಲ ವಾದ ಮಾಡಿದ್ದಾರೆ. ಆ ವಾದವೆಲ್ಲ ಪಂಡಿತರ ಸಭೆಗೆ ಸಲ್ಲುವಂಥದು, ಹೊಲ-ಮನೆ-ಮಗ್ಗಗಳಲ್ಲಿ ದುಡಿಯುವವರಿಗೆ ಅದರಿಂದೇನು ಪ್ರಯೋಜನ ಎಂದು ಕೇಳುವವರು ಎಂದಿಗೂ ಇದ್ದರು. ಈಗ ಕಾಲವೇ ಅವರಿಗೆ ಉತ್ತರ ಕೊಡುತ್ತಿದೆ. ಉತ್ತರ ಕರ್ನಾಟಕದ ಹಳ್ಳಿಯೊಂದರಲ್ಲಿ ತಾಯಿಯೊಬ್ಬಳು ಕೈಯಿಂದ ಹೊಲಿದ ಕೌದಿಯು ಇಂದು ಮೊಬೈಲ್ ಫೋನಿನ ಮೂಲಕ ಬೆಂಗಳೂರಿಗೂ ಪುಣೆಗೂ ಅಮೆರಿಕಕ್ಕೂ ಮಾರಾಟವಾಗಬಲ್ಲದು. ಅದು ಮಾರಾಟವಾಗುವುದೋ ಇಲ್ಲವೋ ಎಂಬುದು ಹೊಲಿಗೆಯ ಅಂದವನ್ನಷ್ಟೇ ಅವಲಂಬಿಸಿಲ್ಲ; ಆ ಕೌದಿಗೆ ಆಕೆ ಯಾವ ಹೆಸರು ಬರೆದಳು ಎಂಬುದನ್ನೂ ಅವಲಂಬಿಸಿದೆ.

ಸಂತೆಯಲ್ಲಿ ಈ ತೊಡಕಿರಲಿಲ್ಲ. ಕೊಳ್ಳುವವರು ಬಟ್ಟೆಯನ್ನು ಬೆರಳುಗಳ ನಡುವೆ ಹಿಡಿದು ನೋಡುತ್ತಿದ್ದರು, ಬೆಳಕಿಗೆ ಒಡ್ಡುತ್ತಿದ್ದರು, ಬೆಲೆ ಕೇಳುತ್ತಿದ್ದರು. ಹೆಸರು ತಿಳಿಯದಿದ್ದರೂ ಕಣ್ಣಿಗೆ ಬಿದ್ದ ವಸ್ತು ಮನಸ್ಸನ್ನು ಸೆಳೆಯುತ್ತಿತ್ತು. ಅಂತರಜಾಲದ ಅಂಗಡಿಯಲ್ಲಿ ಲಕ್ಷಾಂತರ ವಸ್ತುಗಳಿವೆ. ಅಲ್ಲಿ ಕೊಳ್ಳುವವನು ಮೊದಲು ಪದವನ್ನು ಬರೆಯುತ್ತಾನೆ; ಆ ಪದಕ್ಕೆ ಓಗೊಟ್ಟ ವಸ್ತುಗಳು ಮಾತ್ರ ಅವನ ಮುಂದೆ ಬರುತ್ತವೆ. ಓಗೊಡದ ವಸ್ತು ಎಷ್ಟೇ ಚೆಲುವಾಗಿದ್ದರೂ ಇದ್ದೂ ಇಲ್ಲದಂತೆ. ಹೀಗೆ ಬರೆಯುವ ಪದಕ್ಕೆ ಇಂಗ್ಲಿಷಿನಲ್ಲಿ ಕೀವರ್ಡ್ ಎನ್ನುತ್ತಾರೆ; ನಾವು ಹುಡುಕುಪದ ಎಂದುಕೊಳ್ಳೋಣ. ಕಸೂತಿ, ಕೌದಿ, ಇಳಕಲ್ ಸೀರೆ, ಗುಳೇದಗುಡ್ಡದ ಖಣ ಮುಂತಾದ ಕೈಕೆಲಸಗಳನ್ನು ಮಾರಲು ಹೊರಟಿರುವ ನಮ್ಮ ತಾಯಂದಿರೂ ಅವರಿಗೆ ನೆರವಾಗುವ ಮನೆಯ ಮಕ್ಕಳೂ ಈ ಪದಗಳ ಮರ್ಮವನ್ನು ಅರಿಯಬೇಕೆಂಬುದು ಈ ಲೇಖನದ ಉದ್ದೇಶ.

ಹುಡುಕಾಟ ನಡೆಯುವ ಬಗೆ

ಕೈಕೆಲಸದ ವಸ್ತುಗಳಿಗೆಂದೇ ಹೆಸರಾದ ಅಂತರಜಾಲದ ಪೇಟೆ ಎಟ್ಸಿ. ಅದು 2005ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಆರಂಭವಾಯಿತು. ನಮ್ಮ ದೇಶದಲ್ಲಿ ಅಮೆಜಾನ್ ಸಂಸ್ಥೆಯು 2016ರಲ್ಲಿ ಕಾರೀಗರ್ ಎಂಬ ಯೋಜನೆಯನ್ನೂ, ಫ್ಲಿಪ್‌ಕಾರ್ಟ್ 2019ರಲ್ಲಿ ಸಮರ್ಥ್ ಎಂಬ ಯೋಜನೆಯನ್ನೂ ಕುಶಲಕರ್ಮಿಗಳಿಗಾಗಿ ತೆರೆದವು. ಕೇಂದ್ರ ಸರ್ಕಾರದ ಜವಳಿ ಮಂತ್ರಾಲಯವು 2023ರಲ್ಲಿ ಇಂಡಿಯಾ ಹ್ಯಾಂಡ್‌ಮೇಡ್ ಎಂಬ ಅಂಗಡಿಯನ್ನು ಆರಂಭಿಸಿತು. ನೇಕಾರರೂ ಕುಶಲಕರ್ಮಿಗಳೂ ದಲ್ಲಾಳಿಯಿಲ್ಲದೆ ನೇರವಾಗಿ ಮಾರಲೆಂಬುದು ಅದರ ಉದ್ದೇಶ. ಪ್ರತಿಯೊಂದು ಪೇಟೆಯ ಕಟ್ಟಳೆ ಬೇರೆ; ತತ್ತ್ವ ಮಾತ್ರ ಒಂದೇ. ಒಂದರ ಕಟ್ಟಳೆಯನ್ನು ತಿಳಿದರೆ ಉಳಿದವು ಸುಲಭವಾಗುತ್ತವೆ. ಆದ್ದರಿಂದ ಎಟ್ಸಿಯನ್ನೇ ಉದಾಹರಣೆಯಾಗಿ ನೋಡೋಣ.

ವಸ್ತುವೊಂದನ್ನು ಅಂಗಡಿಗೆ ಏರಿಸುವುದಕ್ಕೆ ಲಿಸ್ಟಿಂಗ್ ಎಂದು ಹೆಸರು. ಅದರಲ್ಲಿ ಚಿತ್ರಗಳಲ್ಲದೆ ಒಂದು ಶೀರ್ಷಿಕೆ, ಒಂದು ವಿವರಣೆ, ವಸ್ತುವಿನ ವರ್ಗ, ಬಣ್ಣ-ಅಳತೆ ಮೊದಲಾದ ಗುಣಗಳು, ಕೊನೆಗೆ ಟ್ಯಾಗ್ ಎಂಬ ಚೀಟಿಗಳು ಇರುತ್ತವೆ. ಶೀರ್ಷಿಕೆಯು 140 ಅಕ್ಷರಗಳನ್ನು ಮೀರುವಂತಿಲ್ಲ. ಟ್ಯಾಗ್‌ಗಳು 13, ಒಂದೊಂದರಲ್ಲಿ ಪದಗಳ ನಡುವಣ ತೆರವೂ ಸೇರಿ 20 ಅಕ್ಷರಗಳು ಮಾತ್ರ. ಕೊಳ್ಳುವವನು ಬರೆದ ಪದಗಳನ್ನು ಯಂತ್ರವು ಈ ಎಲ್ಲ ಬರಹದೊಡನೆ ಹೋಲಿಸುತ್ತದೆ. ಹೊಂದಿಕೆಯಾದ ಲಿಸ್ಟಿಂಗ್‌ಗಳನ್ನೆಲ್ಲ ಒಟ್ಟುಮಾಡಿ, ಹಿಂದೆ ಅವನ್ನು ನೋಡಿದವರು ಎಷ್ಟರಮಟ್ಟಿಗೆ ತೆರೆದರು, ಎಷ್ಟರಮಟ್ಟಿಗೆ ಕೊಂಡರು ಎಂಬುದನ್ನು ಗಣಿಸಿ ಸಾಲಾಗಿ ನಿಲ್ಲಿಸುತ್ತದೆ. ಮೊದಲನೆಯದು ಹೊಂದಿಕೆ, ಎರಡನೆಯದು ಶ್ರೇಣಿ. ಹೊಂದಿಕೆಯಿಲ್ಲದೆ ಶ್ರೇಣಿಯಿಲ್ಲ. ಹುಡುಕುಪದದ ಮಹತ್ತ್ವವಿರುವುದು ಇಲ್ಲಿಯೇ.

ಲಕ್ಷಣದ ಮೂರು ದೋಷಗಳು

ಅನ್ನಂಭಟ್ಟನ ತರ್ಕಸಂಗ್ರಹವನ್ನೂ ಅದರ ದೀಪಿಕೆಯನ್ನೂ ಪಾಠಶಾಲೆಯಲ್ಲಿ ಓದಿದವರಿಗೆ ಲಕ್ಷಣದೋಷಗಳ ನೆನಪಿದ್ದೀತು. ಆಕಳು ಎಂದರೇನು? ಕೊಂಬುಳ್ಳದ್ದು ಎಂದರೆ ಎಮ್ಮೆಗೂ ಕೊಂಬುಂಟು. ಲಕ್ಷಣವು ಬೇಡದ ಕಡೆಗೂ ಹರಡಿತು. ಇದು ಅತಿವ್ಯಾಪ್ತಿ. ಕಪಿಲವರ್ಣದ್ದು ಎಂದರೆ ಬಿಳಿಯ ಆಕಳು ಹೊರಗುಳಿಯಿತು. ಲಕ್ಷಣವು ಬೇಕಾದ ಕಡೆಗೂ ಮುಟ್ಟಲಿಲ್ಲ. ಇದು ಅವ್ಯಾಪ್ತಿ. ಒಂದೇ ಗೊರಸುಳ್ಳದ್ದು ಎಂದರೆ ಯಾವ ಆಕಳಿಗೂ ಅದಿಲ್ಲ. ಇದು ಅಸಂಭವ. ಹುಡುಕುಪದಗಳನ್ನು ಆರಿಸುವವರು ಈ ಮೂರನ್ನು ನೆನಪಿಟ್ಟುಕೊಂಡರೆ ಕೆಲಸ ಅರ್ಧ ಮುಗಿದಂತೆಯೇ ಸರಿ.

ಕೌದಿಯ ಲಿಸ್ಟಿಂಗಿನಲ್ಲಿ ಬರಿದೆ ‘ಗಿಫ್ಟ್’ ಎಂದೋ ‘ಹೋಮ್ ಡೆಕೋರ್’ ಎಂದೋ ‘ಬ್ಯೂಟಿಫುಲ್’ ಎಂದೋ ಬರೆದರೆ ಅತಿವ್ಯಾಪ್ತಿ. ಹೂದಾನಿಯೂ ಗಿಫ್ಟೇ, ದೀಪವೂ ಗಿಫ್ಟೇ. ಆ ಜನಜಂಗುಳಿಯಲ್ಲಿ ನಮ್ಮ ಕೌದಿ ಯಾರಿಗೆ ಕಂಡೀತು? ಎಲ್ಲವೂ ಕೈಕೆಲಸವೇ ಆಗಿರುವ ಪೇಟೆಯಲ್ಲಿ ‘ಹ್ಯಾಂಡ್‌ಮೇಡ್’ ಎಂಬ ಒಂಟಿ ಪದವೂ ಯಾವುದನ್ನೂ ಬೇರ್ಪಡಿಸಿ ತೋರಿಸದು. ಇನ್ನು ಕಸೂತಿಯ ದಿಂಬಿನ ಗವಸಿಗೆ ‘ಗವಂತಿ’, ‘ಮುರ್ಗಿ’ ಎಂದಷ್ಟೇ ಬರೆದರೆ ಅವ್ಯಾಪ್ತಿ. ಅವು ಕಸೂತಿಯ ಹೊಲಿಗೆಗಳ ನಿಜವಾದ ಹೆಸರುಗಳೇ ಹೌದು. ಆದರೆ ಅವನ್ನು ಬಲ್ಲ ಕೆಲವರಲ್ಲದೆ ಬೇರೆ ಯಾರೂ ಆ ಪದಗಳಿಂದ ಹುಡುಕಲಾರರು. ಮೂರನೆಯ ದೋಷ ಎಲ್ಲಕ್ಕಿಂತ ಕೆಟ್ಟದ್ದು: ವಿದ್ಯುತ್ ಮಗ್ಗದಲ್ಲಿ ನೇಯ್ದ ಸೀರೆಗೆ ‘ಹ್ಯಾಂಡ್‌ಲೂಮ್’ ಎಂದು ಬರೆಯುವುದು. ಅದು ಅಸಂಭವ, ಅದರ ಇನ್ನೊಂದು ಹೆಸರು ಸುಳ್ಳು. ಅದನ್ನು ಕುರಿತು ಮುಂದೆ ಹೇಳಲಿದ್ದೇನೆ.

ದೋಷವಿಲ್ಲದ ಹುಡುಕುಪದವೆಂದರೆ ಎರಡು-ಮೂರು ಪದಗಳ ಪುಂಜ. ‘ಕ್ವಿಲ್ಟ್’ ಎಂಬುದು ಸಾಗರ. ‘ರೀಸೈಕಲ್ಡ್ ಸಾರಿ ಕ್ವಿಲ್ಟ್’ ಎಂಬುದು ಬಾವಿ. ಸಾಗರದಲ್ಲಿ ಹುಡುಕುವವರು ಬಹಳ, ಮಾರುವವರೂ ಬಹಳ. ಬಾವಿಗೆ ಬರುವವರು ಕಡಮೆ. ಆದರೆ ಬಂದವರು ಬಾಯಾರಿಕೆಯಿಂದಲೇ ಬಂದವರು. ಸಣ್ಣ ಅಂಗಡಿಗೆ ಬೇಕಾದವರು ಇವರೇ.

ಪರ್ಯಾಯ ಮತ್ತು ನಾನಾರ್ಥ

ಅಮರಕೋಶವನ್ನು ಬಾಯಿಪಾಠ ಮಾಡಿದವರು ಎರಡು ಸಂಗತಿಗಳನ್ನು ಬಲ್ಲರು. ಒಂದೇ ವಸ್ತುವಿಗೆ ಹಲವು ಹೆಸರುಗಳಿರುತ್ತವೆ, ಅವು ಪರ್ಯಾಯಗಳು. ಒಂದೇ ಹೆಸರಿಗೆ ಹಲವು ಅರ್ಥಗಳಿರುತ್ತವೆ. ಅವನ್ನು ಅಮರಸಿಂಹನು ನಾನಾರ್ಥವರ್ಗದಲ್ಲಿ ಬೇರೆಯಾಗಿಯೇ ಹೇಳಿದ್ದಾನೆ. ಪರ್ಯಾಯವು ಮಾರುವವರಿಗೆ ಮಿತ್ರ, ನಾನಾರ್ಥವು ಶತ್ರು.

ನಾನಾರ್ಥದ ಕಾಟವನ್ನು ಮೊದಲು ನೋಡೋಣ. ‘ಕೌದಿ’ ಎಂಬ ನಮ್ಮ ಪದವನ್ನು ಇಂಗ್ಲಿಷ್ ಲಿಪಿಯಲ್ಲಿ ಸಾಮಾನ್ಯವಾಗಿ ಕೆ, ಎ, ಯು, ಡಿ, ಐ ಎಂದು ಬರೆಯುತ್ತಾರೆ. ಹಿಂದಿಯ ಕವಡೆಗೂ ಅದೇ ಬರಹ. ಆದ್ದರಿಂದ ಆ ಪದವೊಂದನ್ನೇ ಬರೆದರೆ ಕೌದಿ ಬೇಕಾದವನ ಮುಂದೆ ಕವಡೆಯ ಸರಗಳು ಬರಬಹುದು. ಕವಡೆ ಬೇಕಾದವನ ಮುಂದೆ ಕೌದಿ ಬರಬಹುದು. ಇಬ್ಬರೂ ಬರಿಗೈಯಲ್ಲಿ ಮರಳುತ್ತಾರೆ. ಗುಳೇದಗುಡ್ಡದ ಖಣದ ಪಾಡು ಇನ್ನೂ ಕಷ್ಟ. ಇಂಗ್ಲಿಷ್ ಲಿಪಿಯ ‘ಖಾನ’ ಹಿಂದಿಯಲ್ಲಿ ಊಟವಾಗುತ್ತದೆ, ‘ಖಾನ್’ ಮನೆತನದ ಹೆಸರಾಗುತ್ತದೆ. ಇದಕ್ಕೆ ಪರಿಹಾರ ಸರಳ: ಹೆಸರನ್ನು ಒಂಟಿಯಾಗಿ ಕಳುಹಿಸದೆ ಅದರ ಜಾತಿಯನ್ನು ಹೇಳುವ ಪದವನ್ನು ಜೊತೆಗೆ ಕಳುಹಿಸುವುದು. ‘ಕೌದಿ ಕ್ವಿಲ್ಟ್’, ‘ಖಣ ಬ್ಲೌಸ್ ಫ್ಯಾಬ್ರಿಕ್’ ಎಂದರೆ ಸಂದೇಹಕ್ಕೆ ಎಡೆಯಿಲ್ಲ.

ಇನ್ನು ಪರ್ಯಾಯಗಳು. ನಮ್ಮ ಇಳಕಲ್ ಸೀರೆಯನ್ನು ಮಹಾರಾಷ್ಟ್ರದ ಹೆಣ್ಣುಮಕ್ಕಳು ತಲೆಮಾರುಗಳಿಂದ ಉಡುತ್ತ ಬಂದಿದ್ದಾರೆ. ಅವರು ಅದನ್ನು ‘ಇರಕಲ್’ ಎನ್ನುತ್ತಾರೆ. ಖಣವನ್ನು ಅಲ್ಲಿನವರು ಇಂಗ್ಲಿಷ್ ಲಿಪಿಯಲ್ಲಿ ಬಹುಮಟ್ಟಿಗೆ ‘ಖುಣ್’ ಎಂಬ ಉಚ್ಚಾರಕ್ಕೆ ಸರಿಯಾಗಿ ಬರೆಯುತ್ತಾರೆ. ಪುಣೆ-ಕೊಲ್ಲಾಪುರಗಳ ಗಿರಾಕಿಗಳನ್ನು ಬಯಸುವವರು ಈ ರೂಪಗಳನ್ನೂ ಸೇರಿಸಬೇಕು. ‘ಸೀರೆ’ ಎಂಬ ಪದಕ್ಕೂ ಎರಡು ಬರಹಗಳುಂಟು: ಭಾರತದಲ್ಲಿ ಕೊನೆಗೆ ಎರಡು ‘ಇ’ ಅಕ್ಷರಗಳು, ಪರದೇಶಗಳಲ್ಲಿ ಹೆಚ್ಚಾಗಿ ಒಂದು ‘ಐ’. ಏಕವಚನ-ಬಹುವಚನಗಳ ಭೇದವನ್ನೂ, ಸಾಮಾನ್ಯ ಇಂಗ್ಲಿಷ್ ಪದಗಳ ಕಾಗುಣಿತದ ತಪ್ಪುಗಳನ್ನೂ ಎಟ್ಸಿಯ ಯಂತ್ರವು ತಾನೇ ಸರಿದೂಗಿಸಿಕೊಳ್ಳುತ್ತದೆ. ಅದಕ್ಕಾಗಿ ಟ್ಯಾಗ್‌ಗಳನ್ನು ವ್ಯಯಮಾಡಬೇಕಾಗಿಲ್ಲ. ಆದರೆ ಇಳಕಲ್ಲೂ ಇರಕಲ್ಲೂ ಒಂದೇ ಎಂಬುದು ಯಂತ್ರಕ್ಕೆ ತಿಳಿದಿರುತ್ತದೆಂದು ನೆಚ್ಚಿ ಕೂಡಬಾರದು. ಅದನ್ನು ನಾವೇ ಹೇಳಬೇಕು.

ಪದಗಳು ದೊರೆಯುವುದೆಲ್ಲಿ?

ಕೊಳ್ಳುವವರ ನಾಲಗೆಯ ಮೇಲಿನ ಪದಗಳನ್ನು ನಾವು ಕುಳಿತಲ್ಲಿಯೇ ಊಹಿಸಲಾಗದು, ಕಿವಿಗೊಟ್ಟು ಕೇಳಬೇಕು. ಕೇಳುವ ದಾರಿಗಳು ಹಲವಿವೆ.

ಮೊದಲನೆಯದು ಹುಡುಕಾಟದ ಪೆಟ್ಟಿಗೆಯೇ. ಅದರಲ್ಲಿ ‘ಪ್ಯಾಚ್‌ವರ್ಕ್’ ಎಂದು ಬರೆದು ತಡೆದರೆ, ಕೆಳಗೆ ತಾನಾಗಿ ಕೆಲವು ಪದಪುಂಜಗಳು ಮೂಡುತ್ತವೆ. ಇತರರು ಮಾಡಿದ ಹುಡುಕಾಟಗಳಿಂದಲೇ ಅವು ಹುಟ್ಟಿದವು. ಅವನ್ನು ಒಂದು ನೋಟುಪುಸ್ತಕದಲ್ಲಿ ಬರೆದುಕೊಳ್ಳಬೇಕು. ಎರಡನೆಯದು ಗೂಗಲ್ ಟ್ರೆಂಡ್ಸ್ ಎಂಬ ಉಚಿತ ಸಾಧನ. ಎರಡು ಪದಗಳಲ್ಲಿ ಯಾವುದನ್ನು ಜನರು ಹೆಚ್ಚು ಹುಡುಕುತ್ತಾರೆ, ಯಾವ ರಾಜ್ಯದಲ್ಲಿ, ಯಾವ ತಿಂಗಳಿನಲ್ಲಿ ಎಂಬುದನ್ನು ಅದು ಗೆರೆಯೆಳೆದು ತೋರಿಸುತ್ತದೆ. ಹೊದಿಕೆಯ ವ್ಯಾಪಾರಕ್ಕೆ ಚಳಿಗಾಲವೇ ಸುಗ್ಗಿ. ಪರದೇಶಗಳಲ್ಲಿ ಕ್ರಿಸ್‌ಮಸ್ಸಿನ ಕೊಡುಗೆಗಳೂ ಆ ಕಾಲಕ್ಕೇ ಬರುತ್ತವೆ. ಆದ್ದರಿಂದ ಡಿಸೆಂಬರಿನ ಪದಗಳನ್ನು ಡಿಸೆಂಬರಿನಲ್ಲಿ ಯೋಚಿಸಿದರೆ ತಡವಾಯಿತೆಂದೇ ತಿಳಿಯಬೇಕು. ಮೂರನೆಯದು ಗಿರಾಕಿಗಳೇ ಬರೆದ ಮಾತುಗಳು. “ಮೊಮ್ಮಗುವಿನ ತೊಟ್ಟಿಲಿಗೆ ಹೊಂದುವುದೇ?”, “ಸೋಫಾದ ಮೇಲೆ ಹಾಸಬಹುದೇ?” ಎಂದು ಅವರು ಕೇಳಿದಾಗ ‘ಬೇಬಿ ಕ್ವಿಲ್ಟ್’, ‘ಸೋಫಾ ಥ್ರೋ’ ಎಂಬ ಪದಗಳನ್ನು ಅವರೇ ನಮ್ಮ ಕೈಗಿಟ್ಟಂತಾಯಿತು. ನಾವು ವಸ್ತುವನ್ನು ಅದರ ಹುಟ್ಟಿನಿಂದ ಹೆಸರಿಸುತ್ತೇವೆ, ಅವರು ಅದರ ಉಪಯೋಗದಿಂದ ಹೆಸರಿಸುತ್ತಾರೆ. ನಾಲ್ಕನೆಯದು ಅಂಗಡಿಯ ಅಂಕಿಅಂಶಗಳ ಪುಟ. ಯಾವ ಪದವನ್ನು ಹಿಡಿದು ಎಷ್ಟು ಮಂದಿ ನಮ್ಮ ಬಾಗಿಲಿಗೆ ಬಂದರೆಂಬುದು ಅಲ್ಲಿ ಕಾಣುತ್ತದೆ.

ಇತ್ತೀಚೆಗೆ ಮನೆಯ ಮಕ್ಕಳು ಚಾಟ್‌ಜಿಪಿಟಿಯಂತಹ ಕೃತಕ ಬುದ್ಧಿಯ ಯಂತ್ರಗಳನ್ನೂ ಕೇಳುತ್ತಾರೆ. ಪರ್ಯಾಯಗಳನ್ನು ಕೂಡಿಸಿಕೊಡಲು ಅವು ಸಮರ್ಥವೇ. ಆದರೆ ಆ ಪದವು ನಮ್ಮ ಬಟ್ಟೆಗೆ ಸಲ್ಲುವುದೋ ಇಲ್ಲವೋ ಎಂಬುದನ್ನು ಹೊಲಿದ ಕೈಯೇ ತೀರ್ಮಾನಿಸಬೇಕು.

ಒಂದು ಕೌದಿಯ ಲಿಸ್ಟಿಂಗ್

ಒಂದು ಉದಾಹರಣೆಯನ್ನು ಕೈಗೆತ್ತಿಕೊಳ್ಳೋಣ. ಹಳೆಯ ಹತ್ತಿಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಅಂಚಿನಿಂದ ನಡುವಿನತ್ತ ಸಾಲುಹೊಲಿಗೆ ಹಾಕುತ್ತ ಬಂದ ಕೌದಿ. ಅದರ ಸತ್ಯವೇನು? ಜಾತಿ: ಹೊದಿಕೆ. ದ್ರವ್ಯ: ಹಳೆಯ ಹತ್ತಿಯ ಸೀರೆ. ಕ್ರಿಯೆ: ತುಂಡು ಜೋಡಣೆ, ಕೈಹೊಲಿಗೆ. ದೇಶ: ಕರ್ನಾಟಕ. ಉಪಯೋಗ: ಹಾಸುವುದು, ಹೊದೆಯುವುದು, ಮಗುವನ್ನು ಮಲಗಿಸುವುದು. ಹೀಗೆ ಮೊದಲು ಕನ್ನಡದಲ್ಲಿಯೇ ಬರೆದುಕೊಂಡು, ಆಮೇಲೆ ಒಂದೊಂದಕ್ಕೂ ಕೊಳ್ಳುವವರ ಪದವನ್ನು ಹುಡುಕುವುದು ಉತ್ತಮ ಕ್ರಮ.

ಶೀರ್ಷಿಕೆಯಲ್ಲಿ ವಸ್ತು ಏನೆಂಬುದು ಮೊದಲು ಬರಬೇಕು: ‘ಪ್ಯಾಚ್‌ವರ್ಕ್ ಕೌದಿ ಕ್ವಿಲ್ಟ್, ಹ್ಯಾಂಡ್ ಸ್ಟಿಚ್ಡ್ ಫ್ರಮ್ ಓಲ್ಡ್ ಕಾಟನ್ ಸಾರಿಸ್, ಕರ್ನಾಟಕ ಇಂಡಿಯಾ’. ಓದುವವನಿಗೆ ಇದು ವಾಕ್ಯದಂತಿದೆ, ಯಂತ್ರಕ್ಕೆ ಬೇಕಾದ ಪದಗಳೂ ಇವೆ. 140 ಅಕ್ಷರಗಳಿವೆಯೆಂದು ಅಷ್ಟನ್ನೂ ಪದಗಳಿಂದ ತುಂಬಿ ಗಂಟು ಕಟ್ಟುವುದು ಬೇಡ. ಅಂಥ ಶೀರ್ಷಿಕೆಯನ್ನು ಯಾರೂ ಓದಲಾರರು.

ಟ್ಯಾಗ್‌ಗಳಲ್ಲಿ ‘ಇಂಡಿಯನ್ ಪ್ಯಾಚ್‌ವರ್ಕ್ ಕ್ವಿಲ್ಟ್’ ಎಂದು ಬರೆಯಹೋದರೆ ಇಂಗ್ಲಿಷಿನಲ್ಲಿ 22 ಅಕ್ಷರಗಳಾಗಿ ಹಿಡಿಸುವುದಿಲ್ಲ. ಅದನ್ನು ಒಡೆದು ‘ಪ್ಯಾಚ್‌ವರ್ಕ್ ಕ್ವಿಲ್ಟ್’, ‘ಇಂಡಿಯನ್ ಕ್ವಿಲ್ಟ್’ ಎಂದು ಎರಡು ಮಾಡಬೇಕು. ‘ಹ್ಯಾಂಡ್ ಸ್ಟಿಚ್ಡ್ ಕ್ವಿಲ್ಟ್’ ಮತ್ತು ‘ರೀಸೈಕಲ್ಡ್ ಸಾರಿ ಕ್ವಿಲ್ಟ್’ ಎಂಬವು 19 ಅಕ್ಷರಗಳಲ್ಲಿ ಅಡಗುತ್ತವೆ. ‘ರನ್ನಿಂಗ್ ಸ್ಟಿಚ್ ಕ್ವಿಲ್ಟ್’ ಸರಿಯಾಗಿ 20. ‘ಕೌದಿ ಕ್ವಿಲ್ಟ್’ ಇರಲೇಬೇಕು. ಉಳಿದವು ಉಪಯೋಗವನ್ನೂ ಪ್ರಸಂಗವನ್ನೂ ಹೇಳಲಿ. ವರ್ಗ, ಬಣ್ಣ, ಅಳತೆಗಳನ್ನು ಅವುಗಳ ಸ್ಥಾನದಲ್ಲಿ ತುಂಬಿದರೆ ಅವೂ ಟ್ಯಾಗಿನಂತೆಯೇ ಕೆಲಸ ಮಾಡುತ್ತವೆ. ಆದ್ದರಿಂದ ಅವನ್ನು ಟ್ಯಾಗಿನಲ್ಲಿ ಮತ್ತೆ ಬರೆಯುವುದು ನಷ್ಟ. ಆದರೆ ಆ ಸ್ಥಾನಗಳನ್ನು ಖಾಲಿ ಬಿಡುವುದು ಅದಕ್ಕಿಂತ ದೊಡ್ಡ ನಷ್ಟ.

ಪದಗಳನ್ನು ಬರೆದ ಮರುದಿನವೇ ಬದಲಿಸುವ ಆತುರ ಸಲ್ಲದು. ಒಂದು ಸಲಕ್ಕೆ ಎರಡು-ಮೂರು ಟ್ಯಾಗ್‌ಗಳನ್ನು ಮಾತ್ರ ಬದಲಿಸಿ, ದಿನಾಂಕವನ್ನು ಬರೆದಿಟ್ಟು, ಒಂದು ತಿಂಗಳು ಕಾದು ನೋಡಬೇಕು. ಎಲ್ಲವನ್ನೂ ಒಮ್ಮೆಲೇ ಬದಲಿಸಿದರೆ ಯಾವುದರಿಂದ ಗುಣವಾಯಿತು, ಯಾವುದರಿಂದ ಕೆಟ್ಟಿತು ಎಂಬುದು ತಿಳಿಯುವುದೇ ಇಲ್ಲ.

ಎರವಲು ಹೆಸರಿನ ಆಸೆ

ಈಗ ಅಸಂಭವವೆಂಬ ದೋಷಕ್ಕೆ ಬರೋಣ. ಬಂಗಾಳದ ಕಾಂಥಾ ಕೂಡ ಹಳೆಯ ಬಟ್ಟೆಯ ಪದರಗಳ ಮೇಲೆ ಸಾಲುಹೊಲಿಗೆ ಹಾಕಿ ಮಾಡುವಂಥದು. ಪರದೇಶಗಳಲ್ಲಿ ಕಾಂಥಾ ಎಂಬ ಹೆಸರು ಪ್ರಸಿದ್ಧ, ಕೌದಿಯ ಹೆಸರು ಅಪರಿಚಿತ. ‘ನಮ್ಮದೂ ಅಂಥದೇ ಅಲ್ಲವೇ, ಕಾಂಥಾ ಎಂದೇ ಬರೆದುಬಿಡೋಣ’ ಎಂಬ ಆಸೆ ಸಹಜವಾಗಿ ಹುಟ್ಟುತ್ತದೆ. ಹಾಗೆಯೇ ಉತ್ತರ ಕನ್ನಡದ ಸಿದ್ದಿ ಜನರ ಕವಂದಿ ಎಂಬ ಹೊದಿಕೆಗಳಿಗೂ ಹೊರದೇಶಗಳಲ್ಲಿ ಮನ್ನಣೆ ದೊರೆತಿದೆ. ಆ ಹೆಸರಿನ ಮೇಲೂ ಕಣ್ಣು ಬೀಳಬಹುದು. ಎರಡೂ ಸಲ್ಲದು. ಆ ಹೆಸರುಗಳು ಆ ಹೆಣ್ಣುಮಕ್ಕಳ ಬೆರಳಿನ ದುಡಿಮೆಯಿಂದ ಗಳಿಸಿದವು. ‘ರನ್ನಿಂಗ್ ಸ್ಟಿಚ್’ ಎಂದು ಬರೆದರೆ ಹೊಲಿಗೆಯ ಸಾಮ್ಯವನ್ನು ಪ್ರಾಮಾಣಿಕವಾಗಿ ಹೇಳಿದಂತಾಯಿತು, ಅಷ್ಟು ಸಾಕು.

ಇತರರ ಹೆಸರನ್ನು ನಾವು ಎತ್ತಿಕೊಂಡರೆ ಆಗುವ ಕೇಡು ಯಾವುದೆಂದು ತಿಳಿಯಬೇಕಾದರೆ, ನಮ್ಮ ಹೆಸರನ್ನು ಇತರರು ಎತ್ತಿಕೊಂಡಾಗ ಏನಾಗುತ್ತದೆಂದು ನೋಡಬೇಕು. ಇಳಕಲ್ ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆಯಾಗಿ ಸಿದ್ಧಮಾಡಿ, ಕೊಂಡಿಗಳಿಂದ ಎಳೆಗೆ ಎಳೆ ಕೂಡಿಸುತ್ತಾರೆ. ತೋಪತೆನಿ ಸೆರಗು ಹುಟ್ಟುವುದು ಈ ತಾಳ್ಮೆಯಿಂದ. ಅದರ ನೋಟವನ್ನು ಮಾತ್ರ ಹೋಲುವ ವಿದ್ಯುತ್ ಮಗ್ಗದ ಸೀರೆ ಬೇಗನೆ ತಯಾರಾಗುತ್ತದೆ, ಅಗ್ಗಕ್ಕೆ ದೊರೆಯುತ್ತದೆ. ಅದಕ್ಕೆ ಯಾರಾದರೂ ‘ಇಳಕಲ್ ಹ್ಯಾಂಡ್‌ಲೂಮ್’ ಎಂದು ಬರೆದರೆ, ಹುಡುಕಿದವನ ಮುಂದೆ ಎರಡೂ ಒಟ್ಟಿಗೆ ನಿಲ್ಲುತ್ತವೆ. ಗಿರಾಕಿ ಅಗ್ಗದ್ದನ್ನು ಕೊಳ್ಳುತ್ತಾನೆ. ಹೆಚ್ಚು ಮಾರಿದ್ದನ್ನು ಯಂತ್ರವು ಮೇಲಕ್ಕೇರಿಸುತ್ತದೆ. ಕೈಮಗ್ಗದ ಸೀರೆ ಹತ್ತನೆಯ ಪುಟಕ್ಕೆ ಇಳಿಯುತ್ತದೆ. ಹೀಗೆ ಒಂದು ಸುಳ್ಳು ಪದವು ಒಬ್ಬ ನೇಕಾರನ ಮಗ್ಗವನ್ನು ಸದ್ದಿಲ್ಲದೆ ನಿಲ್ಲಿಸಬಲ್ಲದು.

ಕಾನೂನು ಕೂಡ ಈ ವಿಷಯದಲ್ಲಿ ಮೌನವಾಗಿಲ್ಲ. 1985ರ ಕೈಮಗ್ಗ ಮೀಸಲಾತಿ ಕಾಯಿದೆಯು ವಿದ್ಯುತ್ ಮಗ್ಗವಲ್ಲದ ಮಗ್ಗವೇ ಕೈಮಗ್ಗವೆಂದು ಅರ್ಥ ಹೇಳಿದೆ. 2006ರಲ್ಲಿ ಕೈಮಗ್ಗದ ಬಟ್ಟೆಯ ಗುರುತಿಗಾಗಿ ಹ್ಯಾಂಡ್‌ಲೂಮ್ ಮಾರ್ಕ್ ಬಂದಿತು. 1999ರಲ್ಲಿ ಅಂಗೀಕೃತವಾಗಿ 2003ರ ಸೆಪ್ಟೆಂಬರ್ 15ರಿಂದ ಜಾರಿಗೆ ಬಂದ ಭೌಗೋಳಿಕ ಸೂಚಕಗಳ ಕಾಯಿದೆಯ ಅಡಿಯಲ್ಲಿ ಇಳಕಲ್ ಸೀರೆ, ಕಸೂತಿ, ನವಲಗುಂದದ ಜಮಖಾನೆ, ಚನ್ನಪಟ್ಟಣದ ಗೊಂಬೆ, ಬಿದರಿ ಕೆಲಸ ಮೊದಲಾದವು ನೋಂದಣಿಯಾಗಿವೆ. ಅಲ್ಲದ ವಸ್ತುವಿಗೆ ಆ ಹೆಸರನ್ನು ಹಚ್ಚಿ ಮಾರುವುದು ಶಿಕ್ಷಾರ್ಹ ಅಪರಾಧ. ನಿಜವಾಗಿ ಮಾಡುವವರು ಅಧಿಕೃತ ಬಳಕೆದಾರರೆಂದು ನೋಂದಾಯಿಸಿಕೊಂಡರೆ ಅದನ್ನು ಲಿಸ್ಟಿಂಗಿನ ವಿವರಣೆಯಲ್ಲಿ ಧೈರ್ಯವಾಗಿ ಹೇಳಬಹುದು. ಅದೂ ಒಂದು ಹುಡುಕುಪದವೇ. ಆದರೆ ಗಳಿಸಿದ ಪದ.

ಸುಳ್ಳು ಪದದಿಂದ ವ್ಯಾಪಾರಕ್ಕೂ ಲಾಭವಿಲ್ಲ. ತಪ್ಪು ಹೆಸರನ್ನು ನಂಬಿ ಬಂದವನು ವಸ್ತುವನ್ನು ಹಿಂದಿರುಗಿಸುತ್ತಾನೆ, ಅಸಮಾಧಾನವನ್ನು ನಾಲ್ಕು ಜನರ ಕಣ್ಣಿಗೆ ಬೀಳುವಂತೆ ಬರೆಯುತ್ತಾನೆ. ಪದದ ಬಲದಿಂದ ಏರಿದ ಅಂಗಡಿ ಆ ಬರಹದ ಭಾರದಿಂದ ಇಳಿಯುತ್ತದೆ.

ನಮ್ಮ ಹೆಸರು ಉಳಿಯಬೇಡವೇ?

ಕೊಳ್ಳುವವರ ಪದವನ್ನೇ ಬರೆಯಬೇಕೆಂದರೆ ಕೌದಿ, ಖಣ, ಕಸೂತಿ ಎಂಬ ಹೆಸರುಗಳ ಗತಿಯೇನೆಂದು ಕೆಲವು ಹಿರಿಯರು ಕೇಳಬಹುದು. ಪ್ರಶ್ನೆ ಯುಕ್ತವೇ. ಬರಿಯ ‘ಕೌದಿ’ ಎಂದರೆ ವಸ್ತು ಮಾರದು. ಬರಿಯ ‘ಪ್ಯಾಚ್‌ವರ್ಕ್ ಕ್ವಿಲ್ಟ್’ ಎಂದರೆ ವಸ್ತು ಮಾರೀತು, ಹೆಸರು ಸತ್ತೀತು. ಎರಡನ್ನೂ ಒಟ್ಟಿಗೆ ಬರೆದಾಗ ತಿಳಿದ ಪದವು ತಿಳಿಯದ ಪದದ ಕೈಹಿಡಿದು ನಡೆಸುತ್ತದೆ. ಇಂದು ಪ್ಯಾಚ್‌ವರ್ಕ್ ಕ್ವಿಲ್ಟ್ ಹುಡುಕಿ ಬಂದವಳು ಕೌದಿಯನ್ನು ಕೊಂಡು ಹೋದರೆ, ನಾಳೆ ಅವಳ ಗೆಳತಿಯು ಕೌದಿ ಎಂದೇ ಹುಡುಕುತ್ತಾಳೆ.

ಇದು ಬರಿಯ ಆಶೆಯಲ್ಲ. ಕಲ್ಲಿಕೋಟೆಯ ಬಟ್ಟೆ ಇಂಗ್ಲಿಷಿನಲ್ಲಿ ಕ್ಯಾಲಿಕೊ ಆಯಿತು. ಛೀಟಿನ ಬಟ್ಟೆ ಚಿಂಟ್ಜ್ ಆಯಿತು. ಬಾಂಧನಿಯ ಬಣ್ಣಗಾರಿಕೆಯಿಂದ ಬಂಡಾನ ಎಂಬ ಪದ ಹುಟ್ಟಿತು. ಆ ಹೆಸರುಗಳನ್ನು ಸಮುದ್ರದಾಚೆಗೆ ಒಯ್ದವರು ಕವಿಗಳಲ್ಲ, ಬಟ್ಟೆಯ ವ್ಯಾಪಾರಿಗಳು. ಸರಕಿನ ಪಟ್ಟಿಯಲ್ಲಿ ಬರೆದ ಪದವು ನಿಘಂಟಿಗೆ ಏರಿತು. ನಮ್ಮ ತಾಯಂದಿರು ಬರೆಯುವ 13 ಚೀಟಿಗಳಿಗೂ ಅಂಥದೇ ಶಕ್ತಿಯುಂಟು.

ಆದುದರಿಂದ ಲಿಸ್ಟಿಂಗ್ ಬರೆಯಲು ಕುಳಿತಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ. ಈ ಪದವನ್ನು ಕೊಳ್ಳುವವರು ಆಡುತ್ತಾರೆಯೇ? ಇದು ಬೇರೆ ವಸ್ತುವಿನತ್ತ ಅವರನ್ನು ಒಯ್ಯುವುದಿಲ್ಲವಷ್ಟೇ? ಇದು ನಾನು ಮಾಡಿದ ವಸ್ತುವಿನ ವಿಷಯದಲ್ಲಿ ನಿಜವೇ? ಮೂರಕ್ಕೂ ಸಮಾಧಾನ ದೊರೆತ ಪದವನ್ನು ನಿಶ್ಶಂಕೆಯಿಂದ ಬರೆಯಿರಿ. ಕೈ ಮಾಡಿದ್ದನ್ನೇ ಮಾತು ಹೇಳಲಿ. ಆ ಮಾತು ಕೇಳಬೇಕಾದವರ ಕಿವಿಗೆ ಮುಟ್ಟಲಿ. ನಮ್ಮ ಮನೆಗಳ ಹೆಣ್ಣುಮಕ್ಕಳ ದುಡಿಮೆಗೆ ತಕ್ಕ ಬೆಲೆಯೂ ತಕ್ಕ ಹೆಸರೂ ದೊರೆಯಲಿ.